ನಮ್ಮಿಬ್ಬರ ನಡುವೆ ಕೂತವರಿಗೆ

ಮನೆ ಪಾಲಿನ ವಿಷಯಕ್ಕೆ ಅಣ್ಣನೂ ನಾನೂ ಮಾತು ಬಿಟ್ಟು 2 ವರ್ಷವಾಗಿತ್ತು. ನಮ್ಮ ನಡುವೆ ಕೂತು ಮಾತಾಡಿಸಿದ ಮಧ್ಯಸ್ಥಗಾರರಿಗೆ ಈ ಬರಹ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಮೊದಲ ದಿನವೇ ಅವರು, "ನಾನು ತೀರ್ಪು ಕೊಡಲ್ಲ. ಬೇಡ ಅನಿಸಿದರೆ ಯಾರು ಬೇಕಾದರೂ ಎದ್ದು ಹೋಗಬಹುದು" ಅಂದರು. ನನಗೆ ಸಿಟ್ಟು ಬಂತು. ತೀರ್ಪು ಕೊಡದವರು ಯಾಕೆ ಬೇಕು, ಅಲ್ವಾ? ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಅಲ್ಲಿ ಆಡಿದ ಒಂದು ಮಾತೂ ನಮ್ಮ ಒಪ್ಪಿಗೆಯಿಲ್ಲದೆ ಆಚೆ ಹೋಗಲಿಲ್ಲ. ಆ ನಂಬಿಕೆ ಇಲ್ಲದಿದ್ದರೆ ನಾನು ಬಾಯಿ ಬಿಡುತ್ತಲೇ ಇರಲಿಲ್ಲ.

ನಾನು "ಮನೆ ಮಾರಲೇಬೇಕು" ಅಂತ ಹಟ ಹಿಡಿದಿದ್ದೆ. ಅವರು ಪೆನ್ನು ಕೆಳಗಿಟ್ಟು, "ಮಾರಿದ ಮಾರನೇ ದಿನ ನಿಮಗೆ ಯಾವ ಭಾರ ಇಳಿಯುತ್ತೆ?" ಅಂದರು. ನಾನು ತುಂಬಾ ಹೊತ್ತು ಸುಮ್ಮನಿದ್ದೆ. ಅವರೂ ಸುಮ್ನೆ ಕಾದರು. ಕೊನೆಗೆ ನನ್ನ ಬಾಯಿಂದ ಬಂದದ್ದು ಸಾಲದ ಮಾತು. ಅಣ್ಣನಿಗೆ ಅದು ಗೊತ್ತೇ ಇರಲಿಲ್ಲ. ಅವನಿಗೆ ಬೇಕಿದ್ದದ್ದು ದುಡ್ಡಲ್ಲ, ಅಮ್ಮ ಇರುವಷ್ಟು ದಿನ ಅದೇ ಮನೆಯಲ್ಲಿರಬೇಕು ಅನ್ನುವುದು. ನನ್ನ ಪಾಲನ್ನು ಕಂತಿನಲ್ಲಿ ಕೊಡಲು ಒಪ್ಪಿದ.

ಒಪ್ಪಂದದಲ್ಲಿ ನಾವು ಬರೆಸಿದ್ದ "ಆದಷ್ಟು ಬೇಗ" ಅನ್ನುವುದನ್ನು ಹೊಡೆದುಹಾಕಿಸಿ, ಕಂತಿಗೊಂದು ತಾರೀಖು ಹಾಕಿಸಿದರು. ಆಗ ಕಿರಿಕಿರಿ ಅನಿಸಿತ್ತು. ಅದಿಲ್ಲದಿದ್ದರೆ ಜಗಳ ಮತ್ತೆ ಶುರುವಾಗುತ್ತಿತ್ತು.

ಸರ್, ನೀವು ನನ್ನ ಕಡೆಯವರು ಅಂದುಕೊಂಡಿದ್ದೆ. ಅಣ್ಣನೂ ಹಾಗೇ ಅಂದುಕೊಂಡಿದ್ದನಂತೆ. ಮೊನ್ನೆ ಫೋನ್ ಮಾಡಿ ಅವನೇ ಹೇಳಿದ. ತುಂಬಾ ಥ್ಯಾಂಕ್ಸ್.