ಕಿಟೆಲ್ ಕೈಬರಹ ಓದಲು ಕಲಿಸಿದವರಿಗೆ

ಬಾಸೆಲ್ ಮಿಷನ್ನಿನ ಪತ್ರಾಗಾರದಲ್ಲಿ ಪಕ್ಕದ ಮೇಜಿಗೆ ಕೂತಿದ್ದ ಹಿರಿಯರೇ, ನಿಮಗೆ ತುಂಬಾ ಥ್ಯಾಂಕ್ಸ್. ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಿ.

ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟೆಲ್ ಅಂದರೆ ನಮಗೆಲ್ಲ 1894ರ ಆ ದಪ್ಪ ಕನ್ನಡ-ಇಂಗ್ಲಿಷ್ ನಿಘಂಟು. ಅದರ ಹಿಂದಿನ ಮನುಷ್ಯ ಸಿಗುವುದು ಅವರು ಮಿಷನ್ನಿಗೆ ಬರೆದ ಕಾಗದಗಳಲ್ಲಿ, ಅಲ್ವಾ? ಅವು ಇರುವುದು ಆ ಕಾಲದ ಜರ್ಮನ್ ಕೂಡುಬರಹದಲ್ಲಿ, ಅದರ ಹೆಸರು ಕುರೆಂಟ್. ಅದರಲ್ಲಿ ‘ಎನ್’ (n), ‘ಇ’ (e) ಎರಡೂ ಹೆಚ್ಚುಕಮ್ಮಿ ಒಂದೇ ಥರ. ‘ಯು’ (u) ಗುರುತಾಗುವುದು ತಲೆ ಮೇಲಿನ ಸಣ್ಣ ಕೊಂಕಿನಿಂದ. ಈಗಿನ ಜರ್ಮನರಿಗೇ ಇದು ಕಷ್ಟ. ನೀವು ನಿಮ್ಮ ಕೆಲಸ ಬದಿಗಿಟ್ಟು, ಒಂದೊಂದೇ ಅಕ್ಷರ ನನ್ನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಿರಿ. ಬೇಸರವನ್ನೇ ಮಾಡಿಕೊಳ್ಳಲಿಲ್ಲ. ಅಂಥ ತಾಳ್ಮೆ ನಾನು ಜಾಸ್ತಿ ಕಂಡಿಲ್ಲ.

ಈಗ ನಾನೇ ನಿಧಾನವಾಗಿ ಓದುತ್ತಿದ್ದೇನೆ. ಮುಂದೆ ಮಂಗಳೂರಿನ ಕಾಗದಗಳು.