ಲ್ಯಾಬ್ ಕಂಪ್ಯೂಟರ್, ಮೊಬೈಲ್ ವಿಚಾರ: 8 ಮತ್ತು 9ನೇ ತರಗತಿ ಪೋಷಕರಿಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಲ್ಯಾಬ್‌ಗೆ ಬೀಗ ಹಾಕಲು ಹೋದಾಗ ಮೂರನೇ ಸಾಲಿನ ಕಂಪ್ಯೂಟರಿನಲ್ಲಿ ಒಬ್ಬ ಹುಡುಗನ ಜಿಮೇಲ್ ಹಾಗೇ ತೆರೆದಿತ್ತು. ಕೀಬೋರ್ಡ್ ಕೆಳಗೆ ಪೆನ್ಸಿಲಿನಲ್ಲಿ ಬರೆದ ಪಾಸ್‌ವರ್ಡ್ ಚೀಟಿ ಬೇರೆ! ನಾನೇ ಲಾಗ್ ಔಟ್ ಮಾಡಿ ಚೀಟಿ ಹರಿದು ಹಾಕಿದೆ. ಸುಮ್ನೆ ಟ್ಯಾಬ್ ಮುಚ್ಚಿದರೆ ಲಾಗ್ ಔಟ್ ಆಗುವುದಿಲ್ಲ. ಲಾಗ್ ಔಟ್ ಮಾಡುವುದು ಹೇಗೆಂದು ಮನೆಯಲ್ಲೂ ಒಮ್ಮೆ ಮಾಡಿ ತೋರಿಸಿ.

ದೂರದಿಂದ ಬಸ್ಸಿನಲ್ಲಿ ಬರುವವರು ಮೊಬೈಲ್ ತಂದರೆ, ಬೆಳಿಗ್ಗೆ ಆಫ್ ಮಾಡಿ ಸ್ಟಾಫ್ ರೂಮಿನಲ್ಲಿ ಕೊಡಲಿ. ಪಾಠಪುಸ್ತಕದ ಕ್ಯೂಆರ್ ಕೋಡನ್ನು ಮನೆಯಲ್ಲೇ ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಬಹುದು.

ಇನ್ನೊಂದು ಮಾತು. ಕೇಳದೆ ಗೆಳೆಯರ ಫೋಟೋ ತೆಗೆದು ಸ್ಟಿಕರ್ ಮಾಡಿ ಹಂಚುವುದು ಜಾಸ್ತಿಯಾಗಿದೆ. ಕೇಳಿದರೆ ‘ತಮಾಷೆಗೆ ಮಿಸ್’ ಅನ್ನುತ್ತಾರೆ. ಆ ತಮಾಷೆಯಿಂದ ಒಬ್ಬ ಹುಡುಗಿ ಎರಡು ದಿನ ಶಾಲೆಗೇ ಬರಲಿಲ್ಲ.

ಯಾರಾದರೂ ಆನ್‌ಲೈನಿನಲ್ಲಿ ಹೆದರಿಸಿದರೆ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. ವಿಷಯ ಹೇಳಿದ ತಕ್ಷಣ ಬೈದುಬಿಟ್ಟರೆ ಮುಂದಿನ ಸಲ ಮಕ್ಕಳು ಬಾಯಿ ಬಿಡುವುದಿಲ್ಲ, ಅಲ್ವಾ?

ಚೀಟಿ ಯಾರದು ಅಂತ ದಯವಿಟ್ಟು ಇಲ್ಲಿ ಕೇಳಬೇಡಿ. ಅವನಿಗೆ ಹೇಳಿದ್ದೇನೆ, ಪಾಸ್‌ವರ್ಡ್ ಬದಲಾಯಿಸಿದ್ದಾನೆ.