ಕೇಳಿದ್ದು, ಓದಿದ್ದು: ದೊಡ್ಡಪ್ಪನ ಯುಗಾದಿ ಪತ್ರ

ಮೈಸೂರು
30 ಮಾರ್ಚ್ 2025, ಯುಗಾದಿ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಈ ವರ್ಷ ನನಗೆ ಹಿಡಿಸಿದ ಸಂಗೀತದ ಆಲ್ಬಂಗಳು ಯಾವುವು, ವ್ಯವಹಾರದ ಪುಸ್ತಕಗಳು ಯಾವುವು ಎಂದು ನೀನು ಕೇಳಿ ಬಹಳ ದಿನವಾಯಿತು. ಲೆಕ್ಕಪರಿಶೋಧಕನಿಗೆ ಮಾರ್ಚ್ ತಿಂಗಳಲ್ಲಿ ಪತ್ರ ಬರೆಯುವ ಪುರುಸೊತ್ತು ಎಲ್ಲಿಯದು? ಈ ಸಲದ ಯುಗಾದಿ ಆರ್ಥಿಕ ವರ್ಷ ಮುಗಿಯುವ ಹಿಂದಿನ ದಿನವೇ, ಅದೂ ಭಾನುವಾರ ಬಂದದ್ದರಿಂದ ಕಚೇರಿಗೆ ಬೀಗ ಹಾಕಿ ಬರೆಯಲು ಕುಳಿತಿದ್ದೇನೆ. ಕ್ರೋಧಿ ಹೋಗಿ ವಿಶ್ವಾವಸು ಸಂವತ್ಸರ ಬಂದಿದೆ. ಪುರಾಣದ ವಿಶ್ವಾವಸು ಗಂಧರ್ವನಾದ್ದರಿಂದ ಸಂಗೀತದಿಂದಲೇ ಆರಂಭಿಸುವುದು ಉಚಿತ.

ನಾನು ಹೇಳುವ ಆಲ್ಬಂಗಳೆಲ್ಲ ಈ ವರ್ಷವೇ ಬಿಡುಗಡೆಯಾದವಲ್ಲ. ಯಾವುದನ್ನು ಹೆಚ್ಚು ಸಲ ಕೇಳಿದೆನೋ ಅದು ನನ್ನ ಪಾಲಿಗೆ ಈ ವರ್ಷದ್ದು. ಡಿಸೆಂಬರ್ 15ರಂದು ತಬಲಾ ವಾದಕ ಜಾಕಿರ್ ಹುಸೇನರು ತೀರಿಕೊಂಡ ಮೇಲೆ ನಾನು 2023ರ ಎರಡು ಆಲ್ಬಂಗಳಿಗೆ ಮರಳಿದೆ. 2024ರ ಫೆಬ್ರವರಿಯಲ್ಲಿ ಒಂದೇ ಸಂಜೆ ಅವರಿಗೆ ಬಂದ ಮೂರು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳೂ ಈ ಎರಡಕ್ಕೇ ಸೇರಿದವು. ಒಂದು, ನಮ್ಮ ಸಂಗೀತವನ್ನು ಜಾಝ್ ಜೊತೆ ಬೆರೆಸುವ ಶಕ್ತಿ ತಂಡದ 'ದಿಸ್ ಮೊಮೆಂಟ್'. 1977ರ ನಂತರ ಆ ತಂಡ ಸ್ಟುಡಿಯೋದಲ್ಲಿ ಮಾಡಿದ ಮೊದಲ ಆಲ್ಬಂ ಅದು. ಮೊದಲ ತಂಡದಲ್ಲಿ ಘಟ ನುಡಿಸುತ್ತಿದ್ದ ವಿಕ್ಕು ವಿನಾಯಕರಾಮ್ ಅವರ ಜಾಗದಲ್ಲಿ ಈಗ ಮಗ ಸೆಲ್ವಗಣೇಶ್ ಇದ್ದಾರೆ. ಆಲ್ಬಂ ಚೆನ್ನಾಗಿದೆ, ಆದರೆ ನನ್ನ ಕಿವಿಗೆ ಕೆಲವು ಕಡೆ ನುಣುಪು ಸ್ವಲ್ಪ ಹೆಚ್ಚಾಯಿತು.

ನಾನು ಮತ್ತೆ ಮತ್ತೆ ಹಾಕಿಕೊಂಡದ್ದು ಎರಡನೆಯದನ್ನು, 'ಆ್ಯಸ್ ವಿ ಸ್ಪೀಕ್' ಎಂಬುದನ್ನು. ಬೇಲಾ ಫ್ಲೆಕ್ ಅವರ ಬ್ಯಾಂಜೋ, ಎಡ್ಗರ್ ಮೇಯರ್ ಅವರ ಡಬಲ್ ಬಾಸ್, ರಾಕೇಶ್ ಚೌರಾಸಿಯಾ ಅವರ ಕೊಳಲು ಮತ್ತು ಜಾಕಿರರ ತಬಲಾ, ಇಷ್ಟೇ ಇರುವ ಈ ಆಲ್ಬಂನಲ್ಲಿ ನಾಲ್ವರ ಪೈಕಿ ನಮಗೆ ಅತ್ಯಂತ ಪರಿಚಿತನಾದ ಕಲಾವಿದ ಎಷ್ಟೋ ಹೊತ್ತು ಬರೀ ಒತ್ತಾಸೆಯಾಗಿ ನಿಂತು, ಇನ್ನೊಬ್ಬರ ಮಾತು ಮುಗಿಯಲೆಂದು ಕಾಯುತ್ತಾನೆ. ನೀನೀಗ ತಂಡ ನಡೆಸುವವಳು. ಮೀಟಿಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು ಎಲ್ಲರಿಗಿಂತ ಹೆಚ್ಚು ಮಾತನಾಡಬೇಕಾಗಿಲ್ಲ ಎಂಬುದನ್ನು ನಾನು ಹೇಳಿದರೆ ಉಪದೇಶವಾಗುತ್ತದೆ, ಇದನ್ನು ಕೇಳಿದರೆ ನಿನಗೇ ಗೊತ್ತಾಗುತ್ತದೆ.

ಆದರೆ ಅದನ್ನು ಮೊದಲಿನಿಂದ ಕೊನೆಯವರೆಗೆ, ಕಲಾವಿದರು ಜೋಡಿಸಿದ ಕ್ರಮದಲ್ಲೇ ಕೇಳಬೇಕು. ನಿನ್ನ ಫೋನಿನಲ್ಲಿ ಹಾಡುಗಳು ಕಲಸಿಕೊಂಡು ಬರುತ್ತವೆ, ಅರ್ಧಕ್ಕೇ ಮುಂದಕ್ಕೆ ಹಾರುತ್ತವೆ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಮಾಡಿದ ಗೌಹರ್ ಜಾನ್, ಕೊನೆಗಾಲದಲ್ಲಿ ನಮ್ಮ ಮೈಸೂರಿನ ಅರಮನೆಯ ಆಶ್ರಯ ಪಡೆದು 1930ರಲ್ಲಿ ಇಲ್ಲಿಯೇ ತೀರಿಕೊಂಡ ಆ ಮಹಾಗಾಯಕಿ, ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಿದ್ದು ಅಂದಿನ ಗ್ರಾಮಫೋನ್ ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ ಎಂಬ ಕಾರಣಕ್ಕೆ. ನಿನಗೆ ಆ ಕಟ್ಟುಪಾಡಿಲ್ಲ.

ಈ ಫೆಬ್ರವರಿಯಲ್ಲಿ ಗ್ರ್ಯಾಮಿ ಪಡೆದ 'ತ್ರಿವೇಣಿ'ಯನ್ನೂ ಕೇಳಿದೆ. ಚಂದ್ರಿಕಾ ಟಂಡನ್ ಅವರ ಮಂತ್ರಗಾಯನಕ್ಕೆ ದಕ್ಷಿಣ ಆಫ್ರಿಕಾದ ವೌಟರ್ ಕೆಲ್ಲರ್‌ಮನ್ ಕೊಳಲನ್ನೂ ಜಪಾನಿನ ಎರು ಮಾತ್ಸುಮೊಟೊ ಚೆಲ್ಲೋವನ್ನೂ ಸೇರಿಸಿದ್ದಾರೆ. ಮನಸ್ಸಿಗೆ ಹಿತವೇ ಹೊರತು ಹಿಡಿದು ಕೂರಿಸುವಂಥದ್ದಲ್ಲ. ನನಗೆ ಆ ಸಂಗೀತಕ್ಕಿಂತ ಹಾಡಿದವರ ಮೇಲೆ ಹೆಚ್ಚು ಗೌರವ: ಮದರಾಸಿನಲ್ಲಿ ಬೆಳೆದು, ಅಹಮದಾಬಾದಿನ ಐಐಎಂನಲ್ಲಿ ಓದಿ, ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯಲ್ಲಿ ಪಾಲುದಾರರಾಗಿ, ನಂತರ ಸ್ವಂತ ಸಂಸ್ಥೆ ಕಟ್ಟಿದ ಹೆಣ್ಣುಮಗಳು ಎಪ್ಪತ್ತು ದಾಟಿದ ಮೇಲೆ ಈ ಪ್ರಶಸ್ತಿ ಪಡೆದರು. ಕೆಲಸದ ನಡುವೆ ವೀಣೆಗೆ ಸಮಯವಿಲ್ಲವೆಂದು ಅದನ್ನು ಅಟ್ಟಕ್ಕೆ ಹಾಕಿಸಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಈ ವಾರವೇ ಇಳಿಸು.

ಅವರ ತಂಗಿ ಇಂದ್ರಾ ನೂಯಿ ಬರೆದ 'ಮೈ ಲೈಫ್ ಇನ್ ಫುಲ್' 2021ರದು. ಅವರು ಮುನ್ನಡೆಸಿದ ಪೆಪ್ಸಿಕೋ ಕಂಪನಿಯ ಕಥೆಗಿಂತಲೂ, ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವ ಹೊರೆಯನ್ನು ಕಂಪನಿಗಳೂ ಸರ್ಕಾರಗಳೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅವರು ವಾದಿಸುವ ಕೊನೆಯ ಭಾಗವನ್ನು ನಿಧಾನವಾಗಿ ಓದು.

ಪುಸ್ತಕಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಬರೆದ 'ರೈಟ್ ಕೈಂಡ್ ಆಫ್ ರಾಂಗ್'. 2023ರಲ್ಲಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ವರ್ಷದ ವ್ಯವಹಾರ ಪುಸ್ತಕವೆಂಬ ಮನ್ನಣೆ ಅದಕ್ಕೆ ಸಿಕ್ಕಿತ್ತು. ಸಂಶೋಧನೆಯ ಆರಂಭದ ದಿನಗಳಲ್ಲಿ ಆಕೆ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆಯಿರಬೇಕೆಂಬ ಅವರ ಊಹೆಗೆ ವಿರುದ್ಧವಾಗಿ ಅಂಥ ತಂಡಗಳ ದಾಖಲೆಯಲ್ಲೇ ತಪ್ಪುಗಳು ಹೆಚ್ಚಿದ್ದವು. ಅಲ್ಲಿನವರು ಹೆಚ್ಚು ಎಡವುತ್ತಿದ್ದರೆಂದಲ್ಲ, ಎಡವಿದ್ದನ್ನು ಹೆದರದೆ ಹೇಳುತ್ತಿದ್ದರು. ಗಮನ ತಪ್ಪಿ ಆಗುವ ಸೋಲು, ಹಲವು ಕಾರಣಗಳು ಕೂಡಿ ಬಂದು ಆಗುವ ಸೋಲು, ಹೊಸದನ್ನು ಅರಿಯಲು ಯೋಚಿಸಿ ಸಣ್ಣ ಪ್ರಮಾಣದಲ್ಲಿ ಕೈಹಾಕಿದಾಗ ಆಗುವ ಸೋಲು ಎಂದು ಮೂರನ್ನು ಅವರು ಬೇರ್ಪಡಿಸುತ್ತಾರೆ. ಬುದ್ಧಿವಂತ ಸೋಲು ಎನ್ನಿಸಿಕೊಳ್ಳುವುದು ಮೂರನೆಯದು ಮಾತ್ರ. ಸೋಲನ್ನೆಲ್ಲ ಹಾಡಿ ಹೊಗಳುವ ಈಗಿನ ಸ್ಟಾರ್ಟಪ್ ಮಂದಿ ಈ ವಿಂಗಡಣೆಯನ್ನು ಓದಬೇಕು. ನನ್ನ ವೃತ್ತಿಯಲ್ಲೂ ಇದೇ ಕಂಡಿದೆ: ಒಂದೇ ಒಂದು ತಿದ್ದುಪಡಿಯಿಲ್ಲದ, ಲೆಕ್ಕ ಹೊಂದದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆಯಲ್ಲಿ ಒಂದು ರೂಪಾಯಿಯೂ ಇಲ್ಲದ ಲೆಕ್ಕದ ಪುಸ್ತಕ ಬಂದರೆ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡುತ್ತೇನೆ. ನಿನ್ನ ತಂಡದ ಹುಡುಗರು ತಿಂಗಳುಗಟ್ಟಲೆ ಯಾವ ತಪ್ಪನ್ನೂ ನಿನ್ನ ಬಳಿ ತರದಿದ್ದರೆ ಹಿಗ್ಗಬೇಡ, ವಿಚಾರಿಸು.

2024ರ ಅದೇ ಮನ್ನಣೆ ಪಾರ್ಮಿ ಓಲ್ಸನ್ ಅವರ 'ಸುಪ್ರಿಮಸಿ'ಗೆ ಸಂದಿತು. ಅದು ಕೃತಕ ಬುದ್ಧಿಮತ್ತೆಯ ಎರಡು ಸಂಸ್ಥೆಗಳಾದ ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ ಮತ್ತು ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್ ಅವರ ಪೈಪೋಟಿಯ ಕಥೆ. ನೀನು ತಂತ್ರಜ್ಞಾನಕ್ಕಾಗಿ ಓದುತ್ತೀಯೆ, ನಾನು ಹಣದ ಜಾಡು ಹಿಡಿದು ಓದಿದೆ. ಡೀಪ್‌ಮೈಂಡ್ 2014ರಲ್ಲಿ ಗೂಗಲ್‌ಗೆ ಮಾರಾಟವಾಯಿತು. 2015ರಲ್ಲಿ ಲಾಭದ ಉದ್ದೇಶವಿಲ್ಲದೆ ಹುಟ್ಟಿದ ಓಪನ್‌ಎಐ 2019ರಲ್ಲಿ ಲಾಭದ ಅಂಗವೊಂದನ್ನು ಕಟ್ಟಿಕೊಂಡು ಮೈಕ್ರೋಸಾಫ್ಟ್‌ನಿಂದ 100 ಕೋಟಿ ಡಾಲರ್ ಪಡೆಯಿತು. ಲೋಕಹಿತದ ಮಾತು ಸಂಸ್ಥೆಯ ಪತ್ರಗಳಲ್ಲಿ ಎಲ್ಲಿ ಬರೆದಿದೆ, ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಬದಿಯಲ್ಲಿಟ್ಟುಕೊಂಡು ಓದಿದರೆ ಪುಸ್ತಕ ಬೇರೆಯೇ ಆಗಿ ಕಾಣುತ್ತದೆ.

ಸುಧಾ ಮತ್ತು ನಾರಾಯಣ ಮೂರ್ತಿಯವರ ಆರಂಭದ ದಿನಗಳನ್ನು ಕುರಿತು ಚಿತ್ರಾ ಬ್ಯಾನರ್ಜಿ ದಿವಾಕರುಣಿ ಬರೆದ 'ಆ್ಯನ್ ಅನ್‌ಕಾಮನ್ ಲವ್' ಅನ್ನು ನೀನು ಆಗಲೇ ಓದಿದ್ದೀಯೆ. 1981ರಲ್ಲಿ ಇನ್ಫೋಸಿಸ್ ಕಟ್ಟಲು ಸುಧಾ ಅವರು ಗಂಡನಿಗೆ ಕೊಟ್ಟ 10,000 ರೂಪಾಯಿಯ ಕಥೆ ಎಲ್ಲರ ಬಾಯಲ್ಲೂ ಇದೆ. ಸ್ವತಃ ಎಂಜಿನಿಯರಾಗಿದ್ದ ಅವರು ಕಂಪನಿಯಿಂದ ಹೊರಗೇ ಉಳಿಯಬೇಕಾಯಿತೆಂಬುದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಗೆದ್ದವರ ಚರಿತ್ರೆ ಓದುವಾಗ ಖರ್ಚಿನ ಬದಿಯನ್ನೂ ತೆರೆದು ನೋಡು.

ಇವುಗಳನ್ನು ಹದಿನೈದು ನಿಮಿಷದ ಸಾರಾಂಶವಾಗಿ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕೇಳಿ ಮುಗಿಸಬೇಡ. ಅದು ಟಿಪ್ಪಣಿಗಳನ್ನು ಕಿತ್ತುಹಾಕಿದ ಬ್ಯಾಲೆನ್ಸ್ ಶೀಟ್ ಇದ್ದಂತೆ: ಮೊತ್ತ ಸಿಗುತ್ತದೆ, ಆ ಮೊತ್ತ ಹೇಗೆ ಬಂತೆಂಬುದು ಸಿಗುವುದಿಲ್ಲ. ಓದಬೇಕೆಂದು ನೀನು ಕಳಿಸಿದ ಪುಸ್ತಕಗಳ ಉದ್ದದ ಪಟ್ಟಿಯಲ್ಲಿ ಎರಡನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹೊಡೆದುಹಾಕಿದರೂ ನಷ್ಟವಿಲ್ಲ.

ಎಡ್ಮಂಡ್‌ಸನ್ ಪುಸ್ತಕವನ್ನು ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ, ಮೊದಲು ಅದನ್ನೇ ಹಿಡಿ. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದೇನೆ. ಒಪ್ಪದ ಕಡೆ ನಿನ್ನ ಮಾತನ್ನೂ ಬರೆದು, ರಜೆಗೆ ಬಂದಾಗ ಹಿಂದಿರುಗಿಸು. ದೊಡ್ಡಮ್ಮ ಹೋಳಿಗೆಯನ್ನೂ ಕಟ್ಟಿಕೊಟ್ಟಿದ್ದಾಳೆ.

ಇಂತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ